'ನಮ್ಮಲ್ಲಿ ಆಗೋದಿಲ್ಲ ಮೇಡಂ'

ಬೌದ್ಧಿಕ ಅಂಗವೈಕಲ್ಯವಿರುವ, ಇಪ್ಪತ್ತು ದಾಟಿದ ಮಗನನ್ನು ಕರೆದುಕೊಂಡು ಜಿಮ್ಮಿನ ಮೆಟ್ಟಿಲು ಹತ್ತುವ ತಾಯಿಗೆ ಪುಣೆಯಲ್ಲಾಗಲಿ ಚೆನ್ನೈಯಲ್ಲಾಗಲಿ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: 'ಸ್ಪೆಷಲ್ ಟ್ರೇನರ್ ಇಲ್ಲ ಮೇಡಂ. ಏನಾದರೂ ಹೆಚ್ಚುಕಮ್ಮಿ ಆದರೆ?' ಕಾಳಜಿಯ ದನಿಯಲ್ಲಿ ಹೇಳಿದರೂ ಅದು ಬಾಗಿಲು ಮುಚ್ಚುವ ಮಾತೇ. 2023ರ ಬರ್ಲಿನ್ ಸ್ಪೆಷಲ್ ಒಲಿಂಪಿಕ್ಸ್‌ನಿಂದ ಭಾರತದ ತಂಡ 202 ಪದಕ ತಂದಿತು, ಪವರ್‌ಲಿಫ್ಟಿಂಗ್‌ನಲ್ಲೂ ಗೆದ್ದಿತು. ಅಲ್ಲಿ ಕಬ್ಬಿಣ ಎತ್ತಿದವರಂಥವರಿಗೆ ಇಲ್ಲಿ ಐದು ಕಿಲೋ ಡಂಬೆಲ್ ಅಪಾಯವಂತೆ!

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 30ನೇ ಸೆಕ್ಷನ್ ಕ್ರೀಡೆಯ ಹೊಣೆಯನ್ನು ಸರ್ಕಾರಕ್ಕೆ ಒಪ್ಪಿಸಿದೆ. ಸರಿ. ಆದರೆ ಪದಕ ಬೇಕಿಲ್ಲದೆ, ಸುಮ್ಮನೆ ಮೈ ಗಟ್ಟಿಯಾಗಿಟ್ಟುಕೊಳ್ಳಬೇಕಾದವರು ಹೋಗಬೇಕಾದ್ದು ಮನೆ ಹತ್ತಿರದ ಜಿಮ್ಮಿಗೇ.

ಟ್ರೇನರ್‌ಗೆ ಗೊತ್ತಿರಬೇಕಾದ ವಿಷಯಗಳು ಇವೆ, ನಿಜ. ಡೌನ್ ಸಿಂಡ್ರೋಮ್ ಇರುವವರಲ್ಲಿ ಸ್ನಾಯುಗಳ ಬಿಗಿ ಕಡಿಮೆ. ಕೆಲವರಿಗೆ ಕತ್ತಿನ ಮೇಲಿನ ಎರಡು ಮೂಳೆಗಳ ನಡುವಿನ ಕಟ್ಟು ಸಡಿಲವಿರುತ್ತದೆ. ವೈದ್ಯರು ನೋಡಿ ಹೇಳುವ ತನಕ ಲಾಗ, ಶೀರ್ಷಾಸನ, ಹೆಗಲ ಮೇಲೆ ಭಾರ ಬೇಡ. ಸುಮಾರು ಅರ್ಧದಷ್ಟು ಮಂದಿ ಹುಟ್ಟುವಾಗಲೇ ಹೃದಯದ ತೊಂದರೆ ಹೊತ್ತು ಬಂದಿರುತ್ತಾರೆ. ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿದೇ ಇಲ್ಲ: ಎಷ್ಟು ಓಡಿಸಿದರೂ ಇವರ ಹೃದಯಬಡಿತ ಇತರರಷ್ಟು ಮೇಲೇರುವುದಿಲ್ಲ. ಹಾಗಾಗಿ 220ರಿಂದ ವಯಸ್ಸು ಕಳೆಯುವ ಗೋಡೆಯ ಚಾರ್ಟು ಇವರಿಗೆ ಸುಳ್ಳು. ಆ ಅಂಕಿ ಮುಟ್ಟದವನನ್ನು 'ಸೋಮಾರಿ' ಎನ್ನುವವನು ಬೈಯುತ್ತಿರುವುದು ಒಂದು ಹೃದಯವನ್ನು. ತೂಕ ಏರಿದ್ದಕ್ಕೆ ತಾಯಿಯ ಅಡುಗೆಯನ್ನು ದೂರುವವರೂ ಹಾಗೆಯೇ. ಕೆಲವರಲ್ಲಿ ತೂಕ ಏರಿಸುವುದು ಅವರು ನುಂಗುವ ಮಾತ್ರೆ.

ಇದನ್ನೆಲ್ಲ ಕಲಿಯಲು ವರ್ಷಗಳು ಬೇಕಿಲ್ಲ. ಕಷ್ಟವಿರುವುದು ತಾಳ್ಮೆಯಲ್ಲಿ. ಒಂದು ಸಲಕ್ಕೆ ಒಂದೇ ಸೂಚನೆ. ಹೇಳುವುದಕ್ಕಿಂತ ಮಾಡಿ ತೋರಿಸುವುದು. ದಿನವೂ ಅದೇ ಕ್ರಮ. 'ಅರ್ಥ ಆಯ್ತಾ?' ಎಂಬ ಪ್ರಶ್ನೆ ಪ್ರಯೋಜನವಿಲ್ಲ. ಎದುರಿಗಿರುವವರನ್ನು ಮೆಚ್ಚಿಸಲು ಹೂಂ ಎನ್ನುವವರು ಬಹಳ. 'ಮಾಡಿ ತೋರಿಸಿ' ಎನ್ನಬೇಕು, ಅದೂ ತಾಯಿಯ ಮುಖ ನೋಡಿಯಲ್ಲ, ಅವನ ಮುಖ ನೋಡಿ. ಮನೆಯಲ್ಲಿ ಕನ್ನಡ ಮಾತ್ರ ಕೇಳಿ ಬೆಳೆದವನಿಗೆ ಮುಂಬೈಯ ಹಿಂದಿ ಸೂಚನೆ ಎರಡನೇ ಗೋಡೆ. 'ಎತ್ತು', 'ಇಳಿಸು', 'ಸಾಕು' ಎಂಬ ಮೂರು ಪದ ಕಲಿಯಲು ಯಾವ ಟ್ರೇನರ್‌ಗೂ ಐದು ನಿಮಿಷ ಸಾಕು.

ಕಲಿಯದಿರುವುದಕ್ಕೆ ಕಾರಣ ಹಣವೂ ಹೌದು. ಎಷ್ಟೋ ಕಡೆ ಟ್ರೇನರ್ ಸಂಬಳ ಸಣ್ಣದು, ಗಳಿಕೆ ಪರ್ಸನಲ್ ಟ್ರೇನಿಂಗ್ ಕಮಿಷನ್‌ನದು. ನಿಧಾನವಾಗಿ ಕಲಿಯುವ ಗಿರಾಕಿ ಅವನ ಲೆಕ್ಕದಲ್ಲಿ ನಷ್ಟ. ಅದನ್ನು ಸರಿಪಡಿಸಬೇಕಾದವನು ಜಿಮ್ಮಿನ ಮಾಲೀಕ. ಅವನೋ, ಸೇರಿಸಿಕೊಂಡರೆ ಒಂದೋ ದುಪ್ಪಟ್ಟು ಫೀಸು ಕೇಳುತ್ತಾನೆ, ಇಲ್ಲವೇ ಫೀಸು ಬಿಟ್ಟು ಆ ಹುಡುಗನನ್ನು 'ಸ್ಫೂರ್ತಿ' ಎಂಬ ಹೆಸರಿನ ರೀಲಿಗೆ ಹಾಕುತ್ತಾನೆ. ಎಲ್ಲರಷ್ಟೇ ಫೀಸು ತೆಗೆದುಕೊಳ್ಳಲಿ. ವಿಡಿಯೋ ಮಾಡುವ ಮುನ್ನ ಹುಡುಗನನ್ನೇ ಕೇಳಲಿ. ಅವನು ಬೇಡವೆಂದರೆ ಫೋನು ಜೇಬಿಗೆ ಹೋಗಲಿ.