ಕೊನೆಯ ಗುಂಡಿ ಮಗುವೇ ಹಾಕಲಿ

ಪ್ರಾಜೆಕ್ಟ್ ಎಕ್ಸಿಬಿಷನ್ ಬಂತು ಅಂದ್ರೆ ನಮ್ಮಲ್ಲಿ ಒಂದೆರಡು ಟೀಮ್ ಆದ್ರೂ 'ವಿಶೇಷ ಮಕ್ಕಳಿಗಾಗಿ' ಅಂತ ಏನಾದ್ರೂ ಮಾಡೇ ಮಾಡ್ತೀವಿ. ಊಟ ಮಾಡಿಸೋ ರೋಬೋಟ್ ಕೈ, ಸೆನ್ಸರ್ ಇರೋ ಚಮಚ, ಜೊತೆಗೊಂದು ಆ್ಯಪ್. ಕೈಯೇ ಆಡದ ಮಕ್ಕಳಿಗೆ ರೋಬೋಟ್ ಬೇಕಾದೀತು, ಒಪ್ಪೋಣ. ಆದರೆ ಕಲಿತರೆ ತಾನೇ ಉಣ್ಣಬಲ್ಲ ಮಗುವಿಗೆ? ಇದನ್ನು ಮೊದಲು ಕೇಳುವವರು ಆಕ್ಯುಪೇಷನಲ್ ಥೆರಪಿಸ್ಟ್‌ಗಳು.

ಹೆಸರು ನೋಡಿ ನೌಕರಿಗೆ ಸಂಬಂಧಿಸಿದ್ದು ಅಂದ್ಕೋಬೇಡಿ. ಉಣ್ಣೋದು, ಹಲ್ಲುಜ್ಜೋದು, ಬಟ್ಟೆ ಹಾಕ್ಕೊಳ್ಳೋದು, ಬರೆಯೋದು, ಆಡೋದು: ಮಗುವಿನ ಆಕ್ಯುಪೇಷನ್ ಅಂದರೆ ಇವೇ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಇವನ್ನೇ ಅಭ್ಯಾಸ ಮಾಡಿಸ್ತಾರೆ.

ಅಂಗಿಯನ್ನೇ ತಗೊಳ್ಳಿ. ತೋಳು ತೂರಿಸೋದು, ಎರಡು ಅಂಚು ಕೂಡಿಸೋದು, ಗುಂಡಿ ಹಿಡಿಯೋದು, ಕಾಜಕ್ಕೆ ತೂರಿಸೋದು, ಆಚೆಯಿಂದ ಎಳೆಯೋದು ಅಂತ ಒಂದೊಂದೇ ಹಂತ ಬಿಡಿಸ್ತಾರೆ. ಆಮೇಲೆ ಹಿಂದಿನಿಂದ ಶುರು. ಎಲ್ಲಾ ದೊಡ್ಡವರೇ ಮಾಡಿ, ಅರ್ಧ ತೂರಿದ ಗುಂಡಿಯನ್ನು ಎಳೆಯೋದು ಮಾತ್ರ ಮಗುವಿಗೆ. ಕೆಲಸ ಮುಗಿಸಿದ್ದು ಯಾರು? ಮಗುವೇ! ಅದು ಕೈಗೆ ಬಂದಮೇಲೆ ಅದರ ಹಿಂದಿನ ಹಂತ. ಬ್ಯಾಕ್‌ವರ್ಡ್ ಚೈನಿಂಗ್ ಅಂತಾರೆ ಇದಕ್ಕೆ. ಮೊದಲಿಂದ ಶುರು ಮಾಡಿ, ನಡುವೆ ಸೋತು, ದಿನಾ ಅಮ್ಮನೇ ಬಂದು ಮುಗಿಸಿದರೆ ಮಗುವಿಗೆ ನೆನಪಿರೋದು ಸೋತದ್ದು. ಅಮ್ಮನನ್ನೂ ದೂರೋ ಹಾಗಿಲ್ಲ ಬಿಡಿ, ಆಚೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೀತಿರುತ್ತೆ. ಅದಕ್ಕೇ ಈ ಅಭ್ಯಾಸಕ್ಕೆ ಸಂಜೆಯೋ ಭಾನುವಾರವೋ ವಾಸಿ.

ಸಾಮಾನೂ ಸರಳ. ಚಮಚದ ಹಿಡಿಗೆ ಫೋಮ್ ಸುತ್ತಿ ದಪ್ಪ ಮಾಡೋದು, ತಟ್ಟೆ ಜಾರದಂತೆ ಅಡಿಗೆ ಒದ್ದೆ ಬಟ್ಟೆ ಹಾಸೋದು, ಬರೆಯುವಾಗ ನೇತಾಡುವ ಕಾಲಿಗೆ ಒಂದು ಮಣೆ. ಕಾಲು ಊರಿದರೆ ಬೆನ್ನು ನಿಲ್ಲುತ್ತೆ, ಬೆನ್ನು ನಿಂತರೆ ಬೆರಳು ಹಿಡಿತಕ್ಕೆ ಬರುತ್ತೆ. ಸಿವಿಲ್‌ನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಹಾಗಾದ್ರೆ ನಮಗೇನು ಕೆಲಸ? ಬೇಕಾದಷ್ಟಿದೆ. ಚಮಚ, ಫೋರ್ಕ್ ಬಳಸೋ ದೇಶಗಳಲ್ಲಿ ಅವಕ್ಕೆ ತಕ್ಕ ಸಾಧನಗಳು ಹುಟ್ಟಿವೆ. ನಮ್ಮ ಮಗು ಅನ್ನ ಸಾರು ಕೈಯಲ್ಲಿ ಕಲಸಿ ಉಣ್ಣಬೇಕು, ಬಕೆಟ್ಟಿಂದ ಮಗ್ಗಲ್ಲಿ ನೀರು ಹೊಯ್ಕೋಬೇಕು. ಹಿಡಿತ ಸಡಿಲ ಇರೋ ಕೈಗೆ ಮಗ್ಗಿನ ಹಿಡಿ ಹೇಗಿರಬೇಕು? ನಮ್ಮ 3ಡಿ ಪ್ರಿಂಟರ್‌ಗೆ ತಕ್ಕ ಪ್ರಶ್ನೆ ಇದು.

ಮಣಿಪಾಲದಲ್ಲಿ ಈ ವಿಷಯಕ್ಕೆ ಪದವಿ ಕೋರ್ಸೇ ಇದೆ. ಅಷ್ಟು ದೂರ ಹೋಗೋಕಾಗದಿದ್ರೆ, ಹತ್ತಿರದಲ್ಲಿ ಥೆರಪಿಸ್ಟ್ ಇರೋ ವಿಶೇಷ ಶಾಲೆ ಹುಡುಕೋಣ. ಸಿನಾಪ್ಸಿಸ್ ಕೊಡೋ ಮುಂಚೆ ಪ್ರತಿ ಟೀಮೂ ಅವರ ಜೊತೆ ಒಂದು ಬೆಳಗ್ಗೆ ಕೂತು ನೋಡಿ ಬರಬೇಕು ಅಂತ ಪ್ರಾಜೆಕ್ಟ್ ಕಮಿಟಿ ನಿಯಮ ಮಾಡಲಿ. ಲ್ಯಾಪ್‌ಟಾಪ್ ರೂಮಲ್ಲೇ ಇರಲಿ, ಒಂದು ನೋಟ್‌ಬುಕ್ ಸಾಕು.