ಕೈ ಕಲಿತ ವಿದ್ಯೆಗೆ ಯೋಗ್ಯತಾಪತ್ರ

ಜಯನಗರದ ಸಾಲುಮರಗಳಲ್ಲಿ ತೊಡರಿಕೊಂಡು ತೂಗಾಡುವ ಕರಿಯ ತಂತಿಗಳನ್ನು ವಾಚಕರು ನೋಡಿಯೇ ಇರುವರು. ಅವುಗಳಲ್ಲಿ ಹಲವದರ ಒಡಲಲ್ಲಿರುವುದು ತಾಮ್ರವಲ್ಲ, ಗಾಜು. ಎಳೆಯೊಂದು ೧೨೫ ಮೈಕ್ರಾನ್, ತಲೆಗೂದಲಿನಷ್ಟು. ಇಂಥ ಎಳೆಯಲ್ಲಿ ಬೆಳಕು ಬಹುದೂರ ಸುದ್ದಿ ಒಯ್ಯಬಲ್ಲುದೆಂದು ೧೯೬೬ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವೊ ಅವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಬಿ.ಟಿ.ಎಂ. ಬಡಾವಣೆಯಲ್ಲಿ ತುಂಡಾದ ಎಳೆಯನ್ನು ಕೂಡಿಸುವವನು ಮಾತ್ರ ನನ್ನಣ್ಣ. ನನ್ನ ಕಾಲೇಜಿನ ಶುಲ್ಕ ಬಂದುದೂ ಆ ಕೂಲಿಯಿಂದಲೇ.

ಒಮ್ಮೆ ಅವನೊಡನೆ ಹೋಗಿದ್ದೆನು. ಮೊದಲು ರಕ್ಷಣೆಯ ಕೊಳವೆಯನ್ನು ಎಳೆಗೆ ಪೋಣಿಸಬೇಕು. ಮರೆತರೆ ಬೆಸುಗೆಯನ್ನೇ ಕತ್ತರಿಸಿ ಮತ್ತೆ ಆರಂಭಿಸಬೇಕು. ಹೊದಿಕೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ಓರೆಯಾಗದಂತೆ ಕಡಿದು ಯಂತ್ರದಲ್ಲಿಟ್ಟರೆ ವಿದ್ಯುತ್ಕಿಡಿಯು ಎರಡನ್ನೂ ಕರಗಿಸಿ ಒಂದು ಮಾಡುವುದು. ಯಂತ್ರದ ಕೆಲಸ ಅಷ್ಟೇ. ಧೂಳು ತೇವಗಳನ್ನು ಕಾಯುವುದು ಕೈ. ಬಿದ್ದ ಚೂರುಗಳನ್ನು ಅಣ್ಣನು ಒಂದೂ ಬಿಡದೆ ಡಬ್ಬಿಗೆ ಹಾಕಿದನು. ಚರ್ಮಕ್ಕೆ ಹೊಕ್ಕರೆ ಹುಡುಕಿ ತೆಗೆಯುವುದು ಕಷ್ಟವಂತೆ.

ಕಳೆದ ವರ್ಷ ಖಾಯಂ ಕೆಲಸವೊಂದಕ್ಕೆ ಹೋದಾಗ ಅವನ ಕೈಯನ್ನು ಯಾರೂ ನೋಡಲಿಲ್ಲ, ಕಾಗದ ಕೇಳಿದರು. ಕೇಳಿದ್ದು ತಪ್ಪೆನ್ನಲಾರೆ, ಅಪರಿಚಿತನ ಯೋಗ್ಯತೆ ತಿಳಿಯುವುದೆಂತು? ದುಡಿದು ಕಲಿತವರನ್ನು ಪರೀಕ್ಷಿಸಿ ಪತ್ರ ಕೊಡುವುದಕ್ಕೆ ೨೦೧೫ರ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯೇ ದಾರಿ ಮಾಡಿಕೊಟ್ಟಿತು. ಆ ಪರೀಕ್ಷೆ ಬರಿಯ ಪ್ರಶ್ನೋತ್ತರವಾಗಬಾರದು, ಅದಕ್ಕೆ ನಾವು ಬಿ.ಎ.ಯವರು ಸಾಕು! ಬೆಸುಗೆ ಹಾಕಿಸಿ, ಅದರಲ್ಲಿ ಬೆಳಕೆಷ್ಟು ಸೋರಿತೆಂದು ಅಳೆಯಲಿ. ಕನ್ನಡದಲ್ಲಿ ಕೇಳಲಿ. ದಿನಗೂಲಿ ಹೋಗದಂತೆ ಭಾನುವಾರ ನಡೆಸಲಿ. ಹೊಸದಾಗಿ ಕಲಿಯುವ ತರುಣರಿಗೂ ಇದೇ ಅಳತೆಗೋಲಿರಲಿ.

ಅಣ್ಣನ ಅರ್ಜಿಯನ್ನು ನಾನೇ ಬರೆದುಕೊಟ್ಟಿದ್ದೇನೆ. ಯಂತ್ರವನ್ನು ತಾನೇ ತರಬೇಕೋ ಎಂದು ಅವನು ಕೇಳುತ್ತಿದ್ದಾನೆ.