‘ತತ್ತ್ವ ಸರಿಯಾಗಿದೆ’ ಎಂದಷ್ಟೇ ಹೇಳಿದ ತಪ್ಪು



ಮೂವತ್ತೆರಡು ವರ್ಷ ವಿಜ್ಞಾನ ಪಾಠ ಹೇಳಿದವನು ನಾನು. ಆ ಅವಧಿಯಲ್ಲಿ ತಪ್ಪು ಹೇಳಿದ ಪ್ರಸಂಗಗಳೂ ಕೆಲವು ಇದ್ದಿರಬೇಕು. ಆದರೆ ಅರ್ಧ ಹೇಳಿ ನಿಲ್ಲಿಸಿದ ಪಾಠ ತಪ್ಪು ಪಾಠಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು ಎಂಬುದು ನನಗೆ ಮನವರಿಕೆಯಾದದ್ದು ನಿವೃತ್ತನಾಗಿ ಬಹಳ ಕಾಲ ಕಳೆದ ಮೇಲೆ, ಒಂದು ಜೀಪಿನ ದೆಸೆಯಿಂದ. ಆ ಕಥೆಯನ್ನೂ ಅದರಿಂದ ನಾನು ತಳೆದ ಅಭಿಪ್ರಾಯವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಸಕಲೇಶಪುರದಲ್ಲಿ ನಡೆದ ನಮ್ಮ ಮನೆಯ ಮದುವೆಗೆ ಆಸ್ಟ್ರೇಲಿಯಾದ ಪರ್ತ್‌ನಿಂದ ನನ್ನ ಸೋದರಳಿಯ ಬಂದಿದ್ದ. ಅದೇ ಪಂಕ್ತಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನೂ ಊಟಕ್ಕೆ ಕುಳಿತಿದ್ದ. ಅವನು ಕಾಫಿ ತೋಟದ ಯಜಮಾನ, ಹಳೆಯ ಫೋರ್ ವ್ಹೀಲ್ ಡ್ರೈವ್ ಡೀಸೆಲ್ ಜೀಪಿನ ಒಡೆಯ. ಅಳಿಯ ತನ್ನ 4.2 ಲೀಟರ್ ಡೀಸೆಲ್ ಎಂಜಿನ್ನಿನ ನಿಸ್ಸಾನ್ ಪಟ್ರೋಲ್ ಗಾಡಿಯ ವಿಷಯ ಹೇಳುತ್ತಿದ್ದ. ಹೆಸರು ಪೆಟ್ರೋಲನ್ನು ನೆನಪಿಸಿದರೂ ಗಾಡಿ ಕುಡಿಯುವುದು ಡೀಸೆಲ್ಲನ್ನೇ. ಆ ಎಂಜಿನ್ನು ಒಳಗೆಳೆದುಕೊಳ್ಳುವ ಗಾಳಿಯ ಜೊತೆಗೆ ಒಂದಿಷ್ಟು ಎಲ್‌ಪಿಜಿ ಸೇರುವಂತೆ ಮಾಡಿಸಿದ್ದಾನಂತೆ. ಭಾರ ಎಳೆಯುವಾಗ ಶಕ್ತಿ ಹೆಚ್ಚಿತು, ಹೊಗೆ ಕಡಿಮೆಯಾಯಿತು ಎಂದ. ನನ್ನ ವಿದ್ಯಾರ್ಥಿ ತಿನ್ನುವುದನ್ನು ನಿಲ್ಲಿಸಿ, “ಮೇಷ್ಟ್ರೇ, ಇದು ನಿಜವೇ?” ಎಂದು ಕೇಳಿದ. “ತತ್ತ್ವ ಸರಿಯಾಗಿದೆಯಪ್ಪ” ಎಂದೆ. ಹೋಳಿಗೆ ಬಂತು, ಮಾತು ಅಲ್ಲಿಗೆ ನಿಂತಿತು.

ತತ್ತ್ವ ನಿಜವಾಗಿಯೂ ಸರಿಯಾಗಿಯೇ ಇದೆ. ತರಗತಿಯಲ್ಲಿ ಹೇಳಿದ್ದನ್ನು ನೆನಪಿಸಿಕೊಳ್ಳಿ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರೊಳಕ್ಕೆ ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಎಲ್‌ಪಿಜಿ ಅಷ್ಟು ಸುಲಭವಾಗಿ ಹೊತ್ತುವ ಇಂಧನವಲ್ಲ. ಗಾಳಿಯಲ್ಲಿ ತೆಳುವಾಗಿ ಬೆರೆತಿದ್ದರೆ ಅದು ಕಾದು ನಿಂತಿರುತ್ತದೆ; ಡೀಸೆಲ್ ಹೊತ್ತಿದಾಗ ಅದರ ಜ್ವಾಲೆಯಿಂದ ತಾನೂ ಹೊತ್ತಿ ಉರಿಯನ್ನು ಎಲ್ಲೆಡೆ ಹರಡುತ್ತದೆ. ಅರೆಬೆಂದು ಕಪ್ಪು ಹೊಗೆಯಾಗಿ ಹೋಗಬಹುದಾಗಿದ್ದ ಡೀಸೆಲ್ ಕೂಡ ಆಗ ಚೆನ್ನಾಗಿ ಸುಡುತ್ತದೆ. ಅಳಿಯ ಹೇಳಿದ್ದರಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ.

ನಾನು ಹೇಳದೆ ಬಿಟ್ಟದ್ದು ಉಳಿದರ್ಧವನ್ನು. ಪೆಟ್ರೋಲ್ ಎಂಜಿನ್ನಿನಂತೆ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಹಿಡಿದು ಬಿಡುವ ಬಾಗಿಲು ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಅಂಕೆಯಲ್ಲಿಡುವುದು ಡೀಸೆಲ್ ಪಂಪು. ಇಂತಿಷ್ಟಕ್ಕಿಂತ ಹೆಚ್ಚು ಡೀಸೆಲ್ ಹೋಗಕೂಡದು ಎಂದು ತಯಾರಕರು ಆ ಪಂಪಿಗೊಂದು ಮಿತಿ ಕಟ್ಟಿರುತ್ತಾರೆ. ಪಿಸ್ಟನ್ ಎಷ್ಟು ಕಾವು ತಡೆದೀತು, ಹೆಡ್ ಗ್ಯಾಸ್ಕೆಟ್ ಎಷ್ಟು ಒತ್ತಡ ತಾಳೀತು ಎಂಬ ಲೆಕ್ಕಗಳೆಲ್ಲ ಆ ಮಿತಿಯಲ್ಲಿ ಅಡಗಿವೆ. ಅದು ಎಂಜಿನ್ನಿನ ಕಾವಲುಗಾರ. ಗಾಳಿಯ ಜೊತೆ ಬರುವ ಗ್ಯಾಸು ಈ ಕಾವಲುಗಾರ ಕಾಣದ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತದೆ. ಅದರ ಪ್ರಮಾಣ ಮೀರಿದರೆ, ಇಲ್ಲವೇ ಎಂಜಿನ್ ವಿಪರೀತ ಕಾದಿದ್ದರೆ, ಗ್ಯಾಸು ತನ್ನ ಸರದಿಗೆ ಕಾಯದೆ ತಾನೇ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಸುತ್ತಿಗೆಯಿಂದ ಹೊಡೆದಂಥ ಆ ಸದ್ದನ್ನು ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುತ್ತಾರೆ. ಅದು ಕೇಳಿಸುವ ಹೊತ್ತಿಗೆ ನಷ್ಟ ಆರಂಭವಾಗಿರುತ್ತದೆ.

ಅಳಿಯನ ಗಾಡಿಯಲ್ಲಿ ಈ ಹಿತ್ತಿಲ ಬಾಗಿಲಿಗೂ ಕಾವಲಿದೆ. ಆಸ್ಟ್ರೇಲಿಯಾದಲ್ಲಿ ವಾಹನಗಳ ಎಲ್‌ಪಿಜಿ ಜೋಡಣೆಗೆಂದೇ ಎಎಸ್/ಎನ್‌ಜೆಡ್‌ಎಸ್ 1425 ಎಂಬ ಮಾನದಂಡವಿದೆ. ವಾಹನಕ್ಕೆಂದೇ ತಯಾರಾದ ಟ್ಯಾಂಕು. ಅದು ಶೇಕಡಾ 80 ತುಂಬಿದ ಕೂಡಲೇ ಒಳಹರಿವನ್ನು ತಡೆಯುವ ಕವಾಟ. ಎಂಜಿನ್ ನಿಂತೊಡನೆ ಗ್ಯಾಸನ್ನು ಕಡಿಯುವ ವಿದ್ಯುತ್ ಕವಾಟ. ಭಾರಕ್ಕೆ ತಕ್ಕಂತೆ ಅಳೆದು ಬಿಡುವ ಉಪಕರಣ. ಇದರ ಮೇಲೆ ಹೊಗೆಕೊಳವೆಯ ಉಷ್ಣತೆ ತೋರಿಸುವ ಮಾಪಕವೊಂದನ್ನು ಅವನು ಕಣ್ಣೆದುರು ಇರಿಸಿಕೊಂಡಿದ್ದಾನೆ. “ಮಾವ, ದಿಬ್ಬ ಹತ್ತುವಾಗ ರಸ್ತೆಯನ್ನು ನೋಡಿದಷ್ಟೇ ಅದನ್ನೂ ನೋಡುತ್ತೇನೆ” ಎಂದಿದ್ದ. ಈ ಮಾತನ್ನು ಅವನು ಹೇಳಿದ್ದು ಮದುವೆ ಮುಗಿದು ಮನೆಗೆ ಬಂದ ಮೇಲೆ. ಆಗ ನನ್ನ ವಿದ್ಯಾರ್ಥಿ ಅಲ್ಲಿರಲಿಲ್ಲ.

ವಿದ್ಯಾರ್ಥಿ ಮಾಡಿದ್ದೇನು? ಅಡುಗೆಮನೆಯ ಸಿಲಿಂಡರನ್ನು ಜೀಪಿನ ಹಿಂಭಾಗದಲ್ಲಿ ಕಟ್ಟಿಸಿ, ಪರಿಚಿತ ಗ್ಯಾರೇಜಿನ ಹುಡುಗನಿಂದ ಒಂದು ಪೈಪನ್ನು ಎಂಜಿನ್ನಿಗೆ ಎಳೆಸಿದ. ಅಳತೆಗೆ ಇದ್ದದ್ದು ಕೈಯಿಂದ ತಿರುಗಿಸುವ ಒಂದು ನಲ್ಲಿ. ಮೊದಲ ದಿನವೇ ಜೀಪು ತೋಟದ ಏರನ್ನು ಸರಾಗವಾಗಿ ಹತ್ತಿತಂತೆ. ಸ್ವಲ್ಪ ತಿರುಗಿಸಿದ್ದಕ್ಕೇ ಇಷ್ಟು ಗುಣವಾದರೆ ಇನ್ನೂ ಸ್ವಲ್ಪ ತಿರುಗಿಸಿದರೆ ಏನು ಎಂಬ ಯೋಚನೆ ಮನುಷ್ಯಸಹಜ. ಕಳೆದ ಮಳೆಗಾಲದಲ್ಲಿ, ಕೆಸರಿನ ಏರಿನಲ್ಲಿ, ಗೊಬ್ಬರದ ಮೂಟೆ ಹೇರಿದ ಟ್ರೇಲರ್ ಎಳೆಯುತ್ತಿದ್ದಾಗ ಎಂಜಿನ್ ಬಡಿದುಕೊಂಡು ನಿಂತಿತು. ಬಿಚ್ಚಿ ನೋಡಿದರೆ ಒಂದು ಪಿಸ್ಟನ್ನಿನ ನೆತ್ತಿ ಕರಗಿ ತೂತಾಗಿತ್ತು.

ಹೋದದ್ದು ಎಂಜಿನ್ ಮಾತ್ರ ಎಂದು ಅವನು ಸಮಾಧಾನ ಪಟ್ಟುಕೊಂಡ. ನನಗೆ ಆ ಸಮಾಧಾನ ಸಿಗಲಿಲ್ಲ. ಏಕೆಂದರೆ ಅದೇ ಜೀಪಿನ ಹಿಂಭಾಗದಲ್ಲಿ, ಆ ಸಿಲಿಂಡರಿನ ಪಕ್ಕದಲ್ಲಿ, ದಿನವೂ ಬೆಳಿಗ್ಗೆ ಏಳೆಂಟು ಹೆಣ್ಣಾಳುಗಳು ಕುಳಿತು ತೋಟಕ್ಕೆ ಹೋಗುತ್ತಿದ್ದರು. ಬುತ್ತಿಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡ ಆ ತಾಯಂದಿರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಎಲ್‌ಪಿಜಿ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲೇರಿ ಚದುರುವುದಿಲ್ಲ, ತಗ್ಗಿನಲ್ಲಿ, ಕಾಲ ಬುಡದಲ್ಲಿ ಶೇಖರವಾಗುತ್ತದೆ.

ಸೋರಿದ ಇಂಧನದ ಆವಿಯೂ ಡೀಸೆಲ್ ಎಂಜಿನ್ನೂ ಎದುರಾದರೆ ಏನಾಗುತ್ತದೆ ಎಂಬುದಕ್ಕೆ ಲೋಕವೇ ಕಂಡ ನಿದರ್ಶನವೊಂದಿದೆ. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣಾಗಾರದಲ್ಲಿ ಉಕ್ಕಿ ಚೆಲ್ಲಿದ ಇಂಧನದ ಆವಿ ನೆಲದ ಮೇಲೆ ಹರಡಿತು. ಸಮೀಪದಲ್ಲಿ ಚಾಲೂ ಇದ್ದ ಡೀಸೆಲ್ ಪಿಕಪ್ ವಾಹನವೊಂದು ಆ ಆವಿಯನ್ನೇ ಗಾಳಿಯೊಡನೆ ಎಳೆದುಕೊಂಡು ಅಂಕೆ ತಪ್ಪಿ ಓಡತೊಡಗಿತು. ಕಿಡಿ ಹೊತ್ತಿದ್ದು ಬಹುಶಃ ಅಲ್ಲಿಂದಲೇ ಎಂದು ತನಿಖೆ ಹೇಳಿತು. 15 ಜನ ಸತ್ತರು. ಅದು ಕಾರ್ಖಾನೆಯ ಮಾತು, ಇದು ಒಂದು ಸಿಲಿಂಡರಿನ ಮಾತು ಎನ್ನಬಹುದು. ಆದರೆ ಪ್ರಕೃತಿಯ ನಿಯಮ ಎರಡೂ ಕಡೆ ಒಂದೇ.

ಇನ್ನು ಕಾನೂನು. 2000ನೇ ಇಸವಿಯ ಎಲ್‌ಪಿಜಿ ನಿಯಂತ್ರಣ ಆದೇಶದ ಪ್ರಕಾರ ಗೃಹಬಳಕೆಯ ಸಿಲಿಂಡರನ್ನು ಅಡುಗೆಗಲ್ಲದೆ ವಾಹನಕ್ಕೆ ಬಳಸುವಂತಿಲ್ಲ. ತಯಾರಕರು ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸಕೂಡದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು. ಲೆಕ್ಕದಿಂದಲೂ ನೋಡೋಣ. 14.2 ಕಿಲೋ ಗ್ಯಾಸಿನಲ್ಲಿರುವ ಶಾಖ ಸುಮಾರು 18 ಲೀಟರ್ ಡೀಸೆಲ್ಲಿನದಕ್ಕೆ ಸಮ. ಬಂಕಿನ ಆಟೋ ಎಲ್‌ಪಿಜಿಯ ಲೀಟರ್ ದರ ಡೀಸೆಲ್ ದರದ ಹತ್ತರಲ್ಲಿ ಏಳು ಪಾಲಿಗಿಂತ ಕಡಿಮೆಯಿದ್ದರೆ ಮಾತ್ರ ಇಂಧನದ ಖರ್ಚಿನಲ್ಲಿ ಉಳಿತಾಯ. ಕಿಟ್ಟಿನ ಬೆಲೆ ಬೇರೆ. ಈ ಉಳಿತಾಯ ಒಂದು ಪಿಸ್ಟನ್ನಿನ ಬೆಲೆಯನ್ನು ತುಂಬಲು ಎಷ್ಟು ವರ್ಷ ಬೇಕು?

“ಹಾಗಾದರೆ ಎರಡು ಇಂಧನದ ವಿದ್ಯೆಯೇ ತಪ್ಪೇ?” ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗದವರು 1987ರಿಂದ ಸಗಣಿ ಗ್ಯಾಸನ್ನು ಡೀಸೆಲ್ ಎಂಜಿನ್ನಿಗೆ ಉಣಿಸಿ ವಿದ್ಯುತ್ ತಯಾರಿಸಿದರು. ಊರಿಗೆ ದೀಪವೂ ಕುಡಿಯುವ ನೀರೂ ಅದರಿಂದ ಬಂದವು. ಅಲ್ಲಿಯೂ ತತ್ತ್ವ ಇದೇ. ಆದರೆ ಆ ಎಂಜಿನ್ ಒಂದೇ ಕಡೆ ನಿಂತು ಒಂದೇ ವೇಗದಲ್ಲಿ ಓಡುವಂಥದು. ಸಗಣಿ ಗ್ಯಾಸಿನ ಮೀಥೇನ್ ಎಲ್‌ಪಿಜಿಗಿಂತ ನಿಧಾನಸ್ವಭಾವದ್ದು, ಸುಲಭವಾಗಿ ನಾಕಿಂಗ್‌ಗೆ ಎಡೆಗೊಡುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಅಳೆಯಬಲ್ಲವರು ಜೊತೆಗಿದ್ದರು. ಕ್ಷಣಕ್ಕೊಂದು ಭಾರ, ತಿರುವಿಗೊಂದು ಗೇರು ಎನ್ನುವ ಮಲೆನಾಡಿನ ಜೀಪಿನ ಪಾಡು ಬೇರೆ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಈ ಸಲ ಪೂರ್ತಿಯಾಗಿ ಹೇಳುತ್ತೇನೆ. ಡೀಸೆಲ್ ಎಂಜಿನ್ನಿಗೆ ಗ್ಯಾಸು ಸೇರಿಸುವುದು ಒಳ್ಳೆಯ ವಿದ್ಯೆ. ಅಳತೆ, ತಕ್ಕ ಉಪಕರಣ, ಕಾನೂನಿನ ಒಪ್ಪಿಗೆ ಮೂರೂ ಇದ್ದ ಕಡೆ ಮಾತ್ರ ಒಳ್ಳೆಯದು. ಅಳತೆಯಿಲ್ಲದ ಕಡೆ ಅದು ವಿದ್ಯೆಯೇ ಅಲ್ಲ. ಹಳೆಯ ಜೀಪು ಕಪ್ಪು ಹೊಗೆ ಕಾರಿದರೆ, ಏರಿನಲ್ಲಿ ಏದುಸಿರು ಬಿಟ್ಟರೆ, ಮೊದಲು ಏರ್ ಫಿಲ್ಟರ್ ಬದಲಿಸಿ, ನಾಝಲ್‌ಗಳನ್ನು ಪರೀಕ್ಷಿಸಿ, ಪಂಪಿನ ಕ್ಯಾಲಿಬ್ರೇಷನ್ ಮಾಡಿಸಿ. ರೋಗ ಅಲ್ಲಿದ್ದಾಗ ಗ್ಯಾಸು ಕೊಡುವುದು ಹೊಟ್ಟೆ ಕೆಟ್ಟವನಿಗೆ ಹೋಳಿಗೆ ಬಡಿಸಿದಂತೆ.

ಮೊನ್ನೆ ಆ ವಿದ್ಯಾರ್ಥಿ ಮನೆಗೆ ಬಂದಿದ್ದ. ಎಂಜಿನ್ ಕಟ್ಟಿಸಿದ್ದಾನೆ, ಸಿಲಿಂಡರನ್ನು ಅಡುಗೆಮನೆಗೆ ಮರಳಿಸಿದ್ದಾನೆ. “ತತ್ತ್ವ ಸರಿಯಿದೆ ಅಂತ ನೀವೇ ಹೇಳಿದ್ದಿರಲ್ಲ ಮೇಷ್ಟ್ರೇ” ಎಂದು ನಕ್ಕ. ಆಕ್ಷೇಪಣೆಯ ಧ್ವನಿಯೇನೂ ಅದರಲ್ಲಿರಲಿಲ್ಲ. ಆದರೂ ನನಗೆ ಚುರುಕೆಂದಿತು. “ಹೌದಪ್ಪ, ‘ಎಷ್ಟು’ ಎಂಬುದನ್ನು ಹೇಳಲಿಲ್ಲ. ತಪ್ಪು ನನ್ನದೂ ಇದೆ” ಎಂದೆ.

ಮಕ್ಕಳು ಏನನ್ನಾದರೂ ಕೇಳಿದಾಗ, ಎಲೆಯ ಮೇಲೆ ಹೋಳಿಗೆ ಆರಿದರೂ ಚಿಂತೆಯಿಲ್ಲ, ಉತ್ತರವನ್ನು ಪೂರ್ತಿ ಮಾಡಿ ಏಳಿ. ನಿಮ್ಮಲ್ಲಿ ಹಲವರು ಈಗ ಸ್ವತಃ ಉಪಾಧ್ಯಾಯರು, ಎಂಜಿನಿಯರುಗಳು, ತಂದೆತಾಯಿಗಳು. ಈ ಮುದುಕನ ಅನುಭವ ನಿಮಗೆ ಅಷ್ಟಾದರೂ ಉಪಯೋಗಕ್ಕೆ ಬರಲಿ.